ಎಳೆಯ ಹಿಂದಿನ ಸುಳಿ

ಕ್ಯಾಥ್ ಲ್ಯಾಬಿನ ಗಾಜಿನ ಕಿಟಕಿಯ ಬಳಿ ನಿಲ್ಲಿಸಿ ವೈದ್ಯರು ತೋರಿಸುವ ಎರಡು ಚಿತ್ರಗಳು ಈಗ ನಮ್ಮ ಎಷ್ಟೋ ಮನೆಗಳಿಗೆ ಪರಿಚಿತ. ‘ನೋಡಿ, ಮೊದಲು ಹೀಗಿತ್ತು. ಈಗ ಹೀಗಾಗಿದೆ.’ ಮೊದಲನೆಯದರಲ್ಲಿ ಮಸಿಯಂಥ ಬಣ್ಣ ಒಂದು ಕಡೆ ಬಂದು ಸೊರಗಿ, ದಾರದಷ್ಟಾಗಿ, ಹೇಗೋ ದಾಟಿ ಮುಂದೆ ಹರಡುತ್ತದೆ. ಎರಡನೆಯದರಲ್ಲಿ ಅದೇ ಜಾಗದಲ್ಲಿ ಬಣ್ಣ ದಡ ತುಂಬಿ ಹರಿಯುತ್ತದೆ. ಇಪ್ಪತ್ತು ವರ್ಷಕ್ಕೂ ಹಿಂದೆ, ಸೋದರಮಾವನಿಗೆ ಸ್ಟೆಂಟ್ ಹಾಕಿದ ದಿನ, ನಾನೂ ಆ ಕಿಟಕಿಯ ಬಳಿ ನಿಂತಿದ್ದೆ. ಎರಡನೆಯ ಚಿತ್ರ ನೋಡಿ ಅತ್ತೆ ಕಣ್ಣೊರೆಸಿಕೊಂಡರು. ಊರಿಗೆ ಹೋಗುವಷ್ಟರಲ್ಲಿ ‘ಹಾರ್ಟಿಗೆ ಸ್ಪ್ರಿಂಗ್ ಹಾಕ್ಸಿದಾರಂತೆ’ ಎಂಬ ಸುದ್ದಿ ನಮಗಿಂತ ಮೊದಲೇ ತಲುಪಿತ್ತು.

ಏಳನೆಯ ತಿಂಗಳಿಗೆ, ಅಡಿಕೆ ತೋಟದಿಂದ ಮನೆಗೆ ಏರು ಹತ್ತುವಾಗ, ಅದೇ ಎದೆಬಿಗಿತ ಮರಳಿ ಬಂತು. ಮತ್ತೆ ಆಂಜಿಯೋಗ್ರಾಂ. ಸ್ಟೆಂಟ್ ಹಾಕಿದ ಜಾಗದ ಒಳಗೇ ನಾಳ ಮತ್ತೆ ಕಿರಿದಾಗಿತ್ತು. ಹುಟ್ಟಿದಾರಭ್ಯ ತೋಟದ ಕಾಲುವೆಗಳನ್ನು ನೋಡಿಕೊಂಡ ಮಾವ ಮಲಗಿದ್ದಲ್ಲಿಂದಲೇ ಕೇಳಿದ: ‘ಅಗಲ ಮಾಡಿದ ಕಾಲುವೆ ಅದೇ ಜಾಗದಲ್ಲಿ ಮತ್ತೆ ಹೂಳು ತುಂಬ್ತು ಅಂದ್ರೆ, ಅಲ್ಲಿ ನೀರು ಹೋಗೋ ರೀತೀಲೇ ಏನೋ ತಪ್ಪಿದೆ ಅಂತ ಅಲ್ವಾ?’

ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಅದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಅದೇ ಕಾಲದಲ್ಲಿ ಎಂಜಿನಿಯರುಗಳ ಒಂದು ಗುಂಪು ಕಂಪ್ಯೂಟರಿಗೆ ಕೇಳುತ್ತಿತ್ತು. ಆಂಜಿಯೋಗ್ರಾಂ ತೋರಿಸುವುದು ನಾಳದ ನೆರಳನ್ನು. ಬಾಯಿ ಎಷ್ಟು ಅಗಲ ಎಂದು ಅದು ಹೇಳುತ್ತದೆ. ರಕ್ತ ಗೋಡೆಯ ಮಗ್ಗುಲಲ್ಲಿ ಹೇಗೆ ಹೋಗುತ್ತಿದೆ ಎಂದು ಹೇಳುವುದಿಲ್ಲ. ಸ್ಟೆಂಟಿನ ಹಣೆಬರಹದ ಬಹುಪಾಲು ಬರೆಯಲ್ಪಡುವುದು ಆ ಮಗ್ಗುಲಲ್ಲಿ.

ಎರಡು ಹಾಳೆಯ ತೂಕ

ರಕ್ತದೊತ್ತಡ ಎಲ್ಲರಿಗೂ ಗೊತ್ತು. 120 ಮಿಲಿಮೀಟರ್ ಪಾದರಸ ಎಂದರೆ ಸುಮಾರು 16,000 ಪಾಸ್ಕಲ್; ಅದು ನಾಳದ ಗೋಡೆಯನ್ನು ಹೊರಕ್ಕೆ ನೂಕುವ ಬಲ. ಇದರ ಜೊತೆಗೆ ಇನ್ನೊಂದು ಬಲವಿದೆ. ರಕ್ತ ಗೋಡೆಯನ್ನು ಸವರಿಕೊಂಡು ಹೋಗುವಾಗ ಗೋಡೆಯನ್ನು ತನ್ನ ಜೊತೆ ಎಳೆಯುತ್ತದಲ್ಲ, ಆ ಎಳೆತ. ಎಂಜಿನಿಯರುಗಳು ಅದನ್ನು ಶಿಯರ್ ಸ್ಟ್ರೆಸ್ ಎನ್ನುತ್ತಾರೆ. ನಾವು ಸವರುಬಲ ಎಂದುಕೊಳ್ಳೋಣ.

ಕಾಗದ ಪೆನ್ನು ಸಾಕು, ಲೆಕ್ಕ ಹಾಕಿ ನೋಡಬಹುದು. ಹೃದಯದ ಮೈಮೇಲಿನ ಒಂದು ನಾಳದ ವ್ಯಾಸ 3 ಮಿಲಿಮೀಟರ್, ಅದರಲ್ಲಿ ನಿಮಿಷಕ್ಕೆ 60 ಮಿಲಿಲೀಟರ್ ರಕ್ತ ಹರಿಯುತ್ತಿದೆ ಎನ್ನಿ. ಫ್ರಾನ್ಸಿನ ವೈದ್ಯ ಪ್ವಾಸೆಯಿ 1840ರ ದಶಕದಲ್ಲಿ ಸೂಜಿಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಕಂಡುಕೊಂಡ ನಿಯಮವನ್ನು ಹಚ್ಚಿದರೆ ಸವರುಬಲ ಸುಮಾರು 1.3 ಪಾಸ್ಕಲ್ ಬರುತ್ತದೆ. ರಕ್ತದೊತ್ತಡದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಮೇಜಿನ ಮೇಲೆ ಎರಡು ಬಿಳಿ ಹಾಳೆ ಇಟ್ಟರೆ ಮೇಜಿನ ಮೈಗೆ ಬೀಳುವ ಭಾರ ಇದಕ್ಕಿಂತ ತುಸು ಹೆಚ್ಚೇ.

ಇಷ್ಟು ಹಗುರವಾದ ಸ್ಪರ್ಶವನ್ನು ನಾಳದ ಒಳಮೈ ಗುರುತಿಸುತ್ತದೆ. ಅಲ್ಲಿ ಹಾಸಿಕೊಂಡಿರುವ ಎಂಡೋಥೀಲಿಯಂ ಎಂಬ ಒಂದೇ ಪದರದ ಜೀವಕೋಶಗಳು, ಹರಿವು ನೇರವಾಗಿ ಚುರುಕಾಗಿದ್ದರೆ ಹೊಳೆಯ ಪಾಚಿಯ ಎಳೆಗಳಂತೆ ಹರಿವಿನ ದಿಕ್ಕಿಗೆ ಮೈ ಚಾಚಿಕೊಳ್ಳುತ್ತವೆ. ನಾಳವನ್ನು ಸಡಿಲಗೊಳಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ನೈಟ್ರಿಕ್ ಆಕ್ಸೈಡನ್ನು ಸ್ರವಿಸುತ್ತವೆ. ಹರಿವು ಮಂದವಾಗಿ ಹಿಂದೆ ಮುಂದೆ ತೂಗಾಡಿದರೆ ಅವೇ ಕೋಶಗಳು ದಿಕ್ಕು ತಪ್ಪಿ ನೆಲಹಾಸಿನ ಕಲ್ಲಿನಂತೆ ದುಂಡಗಾಗುತ್ತವೆ, ಉರಿಯೂತದ ಕಡೆಗೆ ವಾಲುತ್ತವೆ. ಸವರುಬಲ ಒಂದೂವರೆ ಪಾಸ್ಕಲಿನ ಆಸುಪಾಸಿನಲ್ಲೋ ಮೇಲೋ ಇದ್ದರೆ ಗೋಡೆಗೆ ಕ್ಷೇಮ, 0.4ಕ್ಕಿಂತ ಇಳಿದರೆ ಅಪಾಯ ಎಂಬುದು ಈ ವಲಯದಲ್ಲಿ ಬಳಕೆಯಲ್ಲಿರುವ ಅಂದಾಜು.

ಕೊಲೆಸ್ಟ್ರಾಲ್ ಇಡೀ ಮೈಯ ರಕ್ತದಲ್ಲಿ ಒಂದೇ ಸಮ ಇದ್ದರೂ ಕೊಬ್ಬು ಕೂರುವುದು ನಾಳ ಕವಲೊಡೆಯುವಲ್ಲಿನ ಹೊರ ಅಂಚಿಗೆ, ತಿರುವಿನ ಒಳ ಮಗ್ಗುಲಿಗೆ. ಯಾಕೆ? ರಕ್ತ ರಭಸವಾಗಿ ಬಡಿದು ಗೋಡೆ ಸವೆಯುವ ಕಡೆ ರೋಗ ಹುಟ್ಟುತ್ತದೆ ಎಂಬ ವಾದ ಒಂದು ಕಾಲಕ್ಕೆ ಪ್ರಬಲವಾಗಿತ್ತು. 1969ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಾಲಿನ್ ಕ್ಯಾರೋ ಮತ್ತು ಜೊತೆಗಾರರು ಅದನ್ನು ತಿರುಗಿಸಿ ಹೇಳಿದರು: ರೋಗ ಹುಟ್ಟುವುದು ರಭಸ ಇರುವಲ್ಲಲ್ಲ, ರಭಸ ಸತ್ತಲ್ಲಿ. ಕಾಲುವೆ ನೋಡಿಕೊಂಡವರಿಗೆ ಇದು ಹೊಸ ಮಾತಲ್ಲ.

ಗಾರೆಯ ಜಾಲರಿ, ಹರಿವಿನ ಸಮೀಕರಣ

ಸ್ಟೆಂಟ್ ಹುಟ್ಟಿದ್ದು ಗೋಡೆಯ ಚಿಂತೆಯಿಂದ. 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್, ತನ್ನ ಅಡುಗೆಮನೆಯ ಮೇಜಿನ ಮೇಲೆ ತಯಾರಿಸಿ ತಿದ್ದಿದ್ದ ಬಲೂನಿನಿಂದ, ಎಚ್ಚರವಿದ್ದ ರೋಗಿಯ ಹೃದಯದ ನಾಳವನ್ನು ಮೊದಲ ಬಾರಿಗೆ ಹಿಗ್ಗಿಸಿದರು. ಬಲೂನು ತೆಗೆದ ಮೇಲೆ ಹಲವರಲ್ಲಿ ಗೋಡೆ ಮತ್ತೆ ಕುಸಿಯುತ್ತಿತ್ತು, ಇಲ್ಲವೇ ತಿಂಗಳುಗಳಲ್ಲಿ ಕಿರಿದಾಗುತ್ತಿತ್ತು. ಗ್ರುಂಟ್ಸಿಗ್‌ರ ಉಪನ್ಯಾಸ ಕೇಳಿದ ಅರ್ಜೆಂಟೀನಾ ಮೂಲದ ವೈದ್ಯ ಹೂಲಿಯೋ ಪಾಲ್ಮಾಸ್‌ಗೆ ಸ್ಟೆಂಟಿನ ದಾರಿ ತೋರಿಸಿದ್ದು, ಕೆಲಸಗಾರರು ಅವರ ಗ್ಯಾರೇಜಿನಲ್ಲಿ ಬಿಟ್ಟುಹೋದ ಲೋಹದ ಜಾಲರಿಯ ಒಂದು ತುಂಡು; ಗೋಡೆಗೆ ಗಾರೆ ಹಿಡಿಸಲು ಬಳಸುವಂಥದ್ದು. ಗಾರೆಯ ಜಾಲರಿಗೆ ಗೋಡೆ ನಿಲ್ಲಿಸುವುದು ಗೊತ್ತು. ತನ್ನ ಮೇಲೆ ಏನೋ ಹರಿಯುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಮನುಷ್ಯನ ಹೃದಯದ ನಾಳಕ್ಕೆ ಮೊದಲ ಸ್ಟೆಂಟ್ ಹೋದದ್ದು 1986ರಲ್ಲಿ, ಫ್ರಾನ್ಸಿನ ಟುಲೂಸ್‌ನ ಜಾಕ್ ಪ್ವೆಲ್ ಅವರ ಕೈಯಿಂದ. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಉಲ್ರಿಕ್ ಸಿಗ್ವಾರ್ಟ್ ಕೂಡ ಹಾಕಿದರು. ಅದೇ 1986ರಲ್ಲೇ ನಮ್ಮ ಬೆಂಗಳೂರಿನಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ, ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ರೂಪುಗೊಂಡಿತು. ವಿಮಾನದ ರೆಕ್ಕೆಯ ಮೇಲಿನ ಗಾಳಿ, ಆಮೇಲೆ ಮುಂಗಾರು ಮಾರುತ ಅದರ ಗುರಿ, ರಕ್ತನಾಳವಲ್ಲ. ಆದರೂ ಈ ಎರಡನ್ನೂ ಒಟ್ಟಿಗೆ ನೆನೆಯುವುದು ನನಗೆ ಇಷ್ಟ. ಯಾಕೆಂದರೆ ಗಾಳಿಗೂ ಮುಂಗಾರಿಗೂ ರಕ್ತಕ್ಕೂ ಬೇರು ಒಂದೇ: 19ನೇ ಶತಮಾನದಲ್ಲಿ ನವಿಯೆ ಮತ್ತು ಸ್ಟೋಕ್ಸ್ ಕಟ್ಟಿದ ಹರಿವಿನ ಸಮೀಕರಣಗಳು. ಬರೆದರೆ ಅರ್ಧ ಪುಟ. ಸರಳ ಆಕಾರಗಳನ್ನು ಬಿಟ್ಟರೆ ಕೈಯಿಂದ ಬಿಡಿಸುವುದು ಅಸಾಧ್ಯ. ಹಾಗಾಗಿ ಜಾಗವನ್ನು ತುಂಡು ತುಂಡು ಮಾಡಿ ಕಂಪ್ಯೂಟರಿಗೆ ಒಪ್ಪಿಸಬೇಕು.

ಹೇಗೆ ಒಪ್ಪಿಸುತ್ತಾರೆ? ಮೊದಲು ನಾಳದ ಆಕಾರ ಬೇಕು. ಸಿ.ಟಿ. ಸ್ಕ್ಯಾನಿನಲ್ಲಿ ಸ್ಟೆಂಟಿನ ಲೋಹದ ಎಳೆಗಳು ಹೊಳೆದು, ಇರುವುದಕ್ಕಿಂತ ದಪ್ಪವಾಗಿ ಕಾಣುತ್ತವೆ. ಹಾಗಾಗಿ ನಾಳದೊಳಗೇ ಬೆಳಕಿನ ತಂತಿ ಇಳಿಸಿ 10ರಿಂದ 15 ಮೈಕ್ರಾನ್ ಸೂಕ್ಷ್ಮತೆಯಲ್ಲಿ ನೋಡುವ ಒಸಿಟಿ ಎಂಬ ತಂತ್ರವನ್ನು ಆಂಜಿಯೋಗ್ರಾಂ ಜೊತೆ ಹೊಂದಿಸಿ ಆಕಾರ ಕಟ್ಟುತ್ತಾರೆ. ರೋಗಿಯೇ ಇಲ್ಲದ ಅಧ್ಯಯನವಾದರೆ, ಬಲೂನು ಉಬ್ಬಿ ಲೋಹ ಬಾಗಿ ಗೋಡೆಗೆ ಒತ್ತಿಕೊಳ್ಳುವುದನ್ನೂ ಮೊದಲು ಕಂಪ್ಯೂಟರಿನಲ್ಲೇ ನಡೆಸುತ್ತಾರೆ. ಆಮೇಲೆ ನಾಳದ ಒಳಗಿನ ಜಾಗವನ್ನು ಪುಟ್ಟ ಪುಟ್ಟ ಕೋಶಗಳಾಗಿ ಕತ್ತರಿಸುವ ಕೆಲಸ. ನಡುವಲ್ಲಿ ಕೋಶ ದೊಡ್ಡದಿದ್ದರೂ ನಡೆಯುತ್ತದೆ. ಎಳೆಯ ಹತ್ತಿರ ಬಂದಂತೆ ಕೆಲವೇ ಮೈಕ್ರಾನಿಗೆ ಇಳಿಯಬೇಕು. ಇಲ್ಲದಿದ್ದರೆ ನೋಡಬೇಕಾದದ್ದೇ ತಪ್ಪಿಹೋಗುತ್ತದೆ. ಹೀಗೆ ಬೆರಳ ಗೆಣ್ಣಿನಷ್ಟು ಉದ್ದದ ಸ್ಟೆಂಟಿಗೂ ಹತ್ತಾರು ಲಕ್ಷ ಕೋಶಗಳಾಗುತ್ತವೆ.

ಇನ್ನು ರಕ್ತ ಒಳಗೆ ಬರುವ ಲಯ. ಎಡ ಹೃದಯನಾಳಗಳ ಲಯ ಮೈಯ ಉಳಿದ ನಾಳಗಳ ಲಯದಂತಲ್ಲ. ಹೃದಯ ಹಿಂಡಿದಾಗ ಇಡೀ ದೇಹಕ್ಕೆ ರಕ್ತ ನುಗ್ಗುತ್ತದೆ. ಆದರೆ ಹಿಂಡುವ ಸ್ನಾಯು ತನ್ನೊಳಗಿನ ನಾಳಗಳನ್ನೂ ಹಿಸುಕುವುದರಿಂದ ತನಗೆ ಮಾತ್ರ ಆಗ ಕಡಿಮೆ. ಬಡಿತದ ನಡುವಿನ ವಿರಾಮದಲ್ಲಿ ಅದು ತನ್ನ ಪಾಲು ಪಡೆಯುತ್ತದೆ, ಪಂಕ್ತಿಗೆಲ್ಲ ಬಡಿಸಿ ಕೊನೆಗೆ ಎಲೆ ಹಾಕಿಕೊಳ್ಳುವವರಂತೆ. ಈ ಏರಿಳಿತವನ್ನು ಕೊಡದೆ ಒಂದೇ ಸಮ ಹರಿವು ಕೊಟ್ಟರೆ ಉತ್ತರ ಬೇಗ ಬರುತ್ತದೆ, ಅರ್ಧ ಸತ್ಯವಾಗಿರುತ್ತದೆ. ಪೂರ್ತಿ ಕೊಟ್ಟರೆ ಒಂದು ಸೆಕೆಂಡಿಗಿಂತ ಕಡಿಮೆಯ ಒಂದು ಬಡಿತಕ್ಕೆ ಯಂತ್ರ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ದುಡಿಯಬೇಕು.

ಎಂಬತ್ತು ಮೈಕ್ರಾನಿನ ಅಡ್ಡಗೋಡೆ

ಮಾವನ ತೋಟದ ಕಾಲುವೆಯಲ್ಲಿ ಒಂದು ಕಲ್ಲಿದೆ. ಮುಷ್ಟಿಯಷ್ಟು ದೊಡ್ಡದು, ನೀರಿನಲ್ಲಿ ಮುಳುಗಿರುತ್ತದೆ. ಹಿಂಗಾರ ಉದುರುವ ದಿನಗಳಲ್ಲಿ ಬಿಳಿ ಹೂಗಳು ತೇಲಿ ಬಂದು, ಕಲ್ಲಿನ ನೆತ್ತಿ ದಾಟಿದೊಡನೆ ಮುಂದೆ ಹೋಗದೆ ಹಿಂದಕ್ಕೆ ತಿರುಗುತ್ತವೆ. ಕಲ್ಲಿನ ಬೆನ್ನಿಗೆ ಹತ್ತಿಕೊಂಡು ಸುತ್ತುತ್ತವೆ. ಕೆಲವು ಅಲ್ಲೇ ಕೊಳೆಯುತ್ತವೆ. ಕಲ್ಲಿನ ಹಿಂದೆ ಬೆರಳಾಡಿಸಿದರೆ ಕೈಗೆ ಸಿಗುವುದು ನುಣುಪು ಕೆಸರು; ಒಂದು ಗೇಣು ಆಚೆಗೆ ಬರೀ ಮರಳು.

ಸ್ಟೆಂಟಿನ ಪ್ರತಿಯೊಂದು ಎಳೆಯೂ ಅಂಥದೊಂದು ಕಲ್ಲು. ಈಗಿನ ಹೆಸರಾಂತ ಸ್ಟೆಂಟೊಂದರ ಎಳೆಯ ದಪ್ಪ 81 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲು. ಕೆಂಪು ರಕ್ತಕಣದ ಅಗಲ 8 ಮೈಕ್ರಾನ್. ಅಂದರೆ ಗೋಡೆ ಸವರಿಕೊಂಡು ಬರುವ ಕಣಕ್ಕೆ ಎದುರಾಗುವುದು ತನ್ನ ಹತ್ತರಷ್ಟು ಎತ್ತರದ ಕಟ್ಟೆ. ಕಂಪ್ಯೂಟರಿನ ಚಿತ್ರದಲ್ಲಿ ಎಳೆಯ ನೆತ್ತಿ ಕೆಂಪಗಿರುತ್ತದೆ: ಅಲ್ಲಿ ಸವರುಬಲ ವಿಪರೀತ. ಎಳೆಯ ಮುಂದಿನ ಬುಡ ಮತ್ತು ಹಿಂದಿನ ಬುಡ ಕಡುನೀಲಿ: ಅಲ್ಲಿ ಅದು ಸೊನ್ನೆಗೆ ಹತ್ತಿರ. ಹತ್ತಿರ ಹೋದಂತೆ ಬಾಣದ ಗುರುತುಗಳು ನೀಲಿಯ ಮೇಲೆ ಹಿಂದುಮುಂದಾಗಿ ತಿರುಗುತ್ತವೆ. ನೆತ್ತಿಯ ರಭಸಕ್ಕೆ ಕೆರಳಿದ ಪ್ಲೇಟ್‌ಲೆಟ್‌ಗಳು ಕೆಲವೇ ಮೈಕ್ರಾನ್ ಆಚೆ ಈ ನಿಂತ ಮಡುವಿಗೆ ಬಂದರೆ ತಂಗಲು, ಅಂಟಲು ಬೇಕಾದಷ್ಟು ಸಮಯ ಸಿಗುತ್ತದೆ. ಹೆಪ್ಪುಗಟ್ಟಲು ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕಿಲ್ಲ.

ಕಾಲುವೆಯ ಹೋಲಿಕೆಯನ್ನು ಒಂದು ಹಂತದ ಆಚೆ ಎಳೆಯಬಾರದು. ಕಲ್ಲಿನ ಹಿಂದೆ ನೀರು ಬುಗುಬುಗು ಸುತ್ತುತ್ತದೆ. ಎಳೆಯ ಅಳತೆಗೆ ಇಳಿದರೆ ರಕ್ತ ನೀರಿನಂತೆ ವರ್ತಿಸುವುದಿಲ್ಲ, ಜೋನಿಬೆಲ್ಲದಂತೆ ವರ್ತಿಸುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ ಓಟದ ಹುಮ್ಮಸ್ಸಿಗಿಂತ ಅಂಟಿನ ಹಿಡಿತವೇ ಮೇಲುಗೈ. ಹಾಗಾಗಿ ಇಲ್ಲಿನ ಸುಳಿ ಗಿರಗಿರನೆ ತಿರುಗುವುದಲ್ಲ, ಆಲಸಿಯಾಗಿ ಹೊರಳುವುದು. ಅಪಾಯ ಇರುವುದೂ ಆ ಆಲಸ್ಯದಲ್ಲೇ.

2003ರಲ್ಲಿ ಅಮೆರಿಕದ ಮಿಲ್ವಾಕಿಯ ಜಾನ್ ಲಡೀಸಾ ಮತ್ತು ಸಂಗಡಿಗರು ಸ್ಟೆಂಟ್ ಹಾಕಿದ ಹೃದಯನಾಳದ ಮೂರು ಆಯಾಮದ ಹರಿವಿನ ಮಾದರಿಯನ್ನು ಪ್ರಕಟಿಸಿದರು. ಎಳೆಗಳ ಸುತ್ತ ಸವರುಬಲ ಕುಸಿಯುವುದು ಅದರಲ್ಲಿ ಕಂಡಿತ್ತು. ಎರಡು ವರ್ಷದ ನಂತರ ಮೊಲಗಳ ನಾಳದಲ್ಲಿ ಸ್ಟೆಂಟ್ ಇಟ್ಟು ನೋಡಿದಾಗ, ಲೆಕ್ಕ ಹೇಳಿದ ಕಡೆಗಳಲ್ಲೇ ಹೊಸ ಅಂಗಾಂಶ ಬೆಳೆದಿತ್ತು; ಅದನ್ನು ಒಳಬೆಳೆ ಎನ್ನೋಣ. ಅದಕ್ಕೂ ಮೊದಲೇ, 2001ರಲ್ಲಿ, ರಾಟರ್‌ಡ್ಯಾಮಿನ ಯೋಲಾಂಡಾ ವೆಂಟ್ಸೆಲ್ ಮತ್ತು ಸಹೋದ್ಯೋಗಿಗಳು ರೋಗಿಗಳ ನಾಳದಲ್ಲೇ ಇದನ್ನು ಅಳೆದಿದ್ದರು: ಸವರುಬಲ ಕಡಿಮೆ ಇದ್ದಲ್ಲಿ ಒಳಬೆಳೆ ದಪ್ಪ. ಮಾವನ ಪ್ರಶ್ನೆಗೆ ಉತ್ತರ ಆಗಲೇ ಅಚ್ಚಾಗಿತ್ತು, ನನಗೆ ಗೊತ್ತಿರಲಿಲ್ಲ ಅಷ್ಟೆ.

ಅದೇ 2001ರಲ್ಲಿ ಜರ್ಮನಿಯ ಒಂದು ಪರೀಕ್ಷೆ 651 ರೋಗಿಗಳಿಗೆ ಎರಡು ಬಗೆಯ ಸ್ಟೆಂಟ್ ಹಂಚಿತು. ಒಂದರ ಎಳೆ 50 ಮೈಕ್ರಾನ್, ಇನ್ನೊಂದರದು 140. ತೆಳು ಎಳೆಯವರಲ್ಲಿ ನೂರಕ್ಕೆ 15 ಮಂದಿಗೆ ನಾಳ ಮತ್ತೆ ಕಿರಿದಾಯಿತು, ದಪ್ಪ ಎಳೆಯವರಲ್ಲಿ ಸುಮಾರು 26 ಮಂದಿಗೆ. ಇಡೀ ವ್ಯತ್ಯಾಸವನ್ನು ಹರಿವಿನ ಖಾತೆಗೆ ಹಾಕುವುದು ಸರಿಯಲ್ಲ. ತೆಳು ಎಳೆ ಗೋಡೆಯನ್ನು ಗಾಯಗೊಳಿಸುವುದೂ ಕಡಿಮೆ. ಆದರೂ ಲೆಕ್ಕವೂ ರೋಗಿಯೂ ಒಂದೇ ದಿಕ್ಕಿಗೆ ಬೆರಳು ತೋರಿಸಿದ್ದು ಸಣ್ಣ ಮಾತಲ್ಲ.

ಮೈಯಿಂದ ಔಷಧ ಸೂಸುವ ಸ್ಟೆಂಟುಗಳು ಬಂದಾಗ, ಇನ್ನು ಹರಿವಿನ ಗೊಡವೆ ಬೇಕಿಲ್ಲ, ಔಷಧವೇ ಒಳಬೆಳೆಯನ್ನು ತಡೆಯುತ್ತದೆ ಎಂಬ ಭರವಸೆ ಮೂಡಿತ್ತು. ಅಮೆರಿಕದಲ್ಲಿ ಮೊದಲನೆಯದಕ್ಕೆ 2003ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಆ ಔಷಧ ಎಲ್ಲಿ ಹೋಗಿ ಕೂರುತ್ತದೆ? ಎಳೆ ಗೋಡೆಗೆ ಒತ್ತಿರುವ ಕಡೆಗೆ ತಾನೇ ಎಂದು ಯಾರಾದರೂ ಹೇಳಿಯಾರು. 2005ರಲ್ಲಿ ಬ್ರಿಂದಾ ಬಾಲಕೃಷ್ಣನ್, ಎಲಾಜರ್ ಎಡೆಲ್‌ಮನ್ ಮತ್ತು ಜೊತೆಗಾರರು ಎಂಐಟಿಯಲ್ಲಿ ಮಾಡಿದ ಲೆಕ್ಕ ಬೇರೆಯದನ್ನೇ ಹೇಳಿತು. ಎಳೆಯ ಹಿಂದಿನ ಆಲಸಿ ಮಡುವಿನಲ್ಲಿ ಔಷಧವೂ ಹೂಳಿನಂತೆ ನಿಲ್ಲುತ್ತದೆ, ಅಲ್ಲಿಂದ ಗೋಡೆಗೆ ಇಳಿಯುತ್ತದೆ. ಎರಡು ಸ್ಟೆಂಟ್ ಒಂದರ ಮೇಲೊಂದು ಬಿದ್ದ ಕಡೆ ಇದು ಇನ್ನೂ ಜಟಿಲ. ಹರಿವು ತನ್ನ ಕೆಲಸ ಬಿಟ್ಟಿರಲಿಲ್ಲ. ಈಗ ಔಷಧವನ್ನೂ ತನಗೆ ಬೇಕಾದಂತೆ ಹಂಚುತ್ತಿತ್ತು.

ಮತ್ತೊಂದು ತೊಡಕು. ಒಳಬೆಳೆಯನ್ನು ತಡೆಯುವ ಔಷಧ ಎಳೆಗಳ ಮೇಲೆ ಹೊಸ ಎಂಡೋಥೀಲಿಯಂ ಹಾಸಿಕೊಳ್ಳುವುದನ್ನೂ ನಿಧಾನ ಮಾಡುತ್ತದೆ. ಬರಿಯ ಎಳೆ ಹೆಚ್ಚು ಕಾಲ ರಕ್ತಕ್ಕೆ ಒಡ್ಡಿಕೊಂಡಿರುತ್ತದೆ. ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್‌ನಂಥ ಇನ್ನೊಂದು ಮಾತ್ರೆಯನ್ನು ತಿಂಗಳುಗಟ್ಟಲೆ ಬಿಡದೆ ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ. ಎದೆ ಹಗುರಾಯಿತೆಂದು ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದವರನ್ನು ನಾನು ಬಲ್ಲೆ; ಆ ನೀಲಿ ಮಡುವಿನ ಚಿತ್ರವನ್ನು ಅವರಿಗೆ ಒಮ್ಮೆ ತೋರಿಸಿದ್ದರೆ ಎಂದು ಹಲವು ಸಲ ಅನ್ನಿಸಿದೆ. 2011ರಲ್ಲಿ ಎಡೆಲ್‌ಮನ್ ಗುಂಪಿನವರೇ ರಕ್ತ ಸುತ್ತುವ ಕೊಳವೆಗಳಲ್ಲಿ, ಆಕಾರ ಒಂದೇ ಆಗಿ ಎಳೆಯ ದಪ್ಪ ಮಾತ್ರ 162 ಮತ್ತು 81 ಮೈಕ್ರಾನ್ ಇದ್ದ ಸ್ಟೆಂಟುಗಳನ್ನು ಹೋಲಿಸಿದರು. ದಪ್ಪನೆಯದರ ಮೇಲೆ ಒಂದೂವರೆ ಪಟ್ಟು ಹೆಚ್ಚು ಹೆಪ್ಪು ಕಟ್ಟಿತು.

ಈ ಪಾಠ ಅಚ್ಚಾದ ಮೇಲೂ, ಕರಗಿಹೋಗುವ ಪ್ಲಾಸ್ಟಿಕ್ ಸ್ಟೆಂಟಿನ ಕನಸು ಸುಮಾರು 150 ಮೈಕ್ರಾನಿನ ಎಳೆಯೊಂದಿಗೇ ಮಾರುಕಟ್ಟೆಗೆ ಬಂತು. ಪಾಲಿಮರಿಗೆ ಲೋಹದ ಗಟ್ಟಿತನವಿಲ್ಲ, ದಪ್ಪ ಮಾಡದೆ ನಿಲ್ಲುವುದಿಲ್ಲ. ಹೆಪ್ಪುಗಟ್ಟುವ ಪ್ರಕರಣಗಳು ಲೋಹದ ಸ್ಟೆಂಟಿಗಿಂತ ಹೆಚ್ಚಾದವು. 2017ರಲ್ಲಿ ಅಬ್ಸಾರ್ಬ್ ಎಂಬ ಆ ಸ್ಟೆಂಟಿನ ಮಾರಾಟ ನಿಂತಿತು. ಕಾರಣಗಳು ಹಲವು, ದಪ್ಪ ಅವುಗಳಲ್ಲಿ ಮುಖ್ಯವಾದದ್ದು. ಅದೇ ವರ್ಷ ಫೆಬ್ರವರಿಯಲ್ಲಿ ಭಾರತ ಸರ್ಕಾರ ಔಷಧ ಸೂಸುವ ಸ್ಟೆಂಟಿನ ಬೆಲೆಗೆ 29,600 ರೂಪಾಯಿಯ ಮಿತಿ ಹಾಕಿತು. ಅಗ್ಗವಾದರೆ ಗುಣ ಕೆಡುತ್ತದೆ ಎಂದು ಹೆದರಿದವರಿದ್ದರು. ಆದರೆ 2019ರಲ್ಲಿ ಪ್ರಕಟವಾದ ಯುರೋಪಿನ ಪರೀಕ್ಷೆಯೊಂದರಲ್ಲಿ, ಸೂರತ್‌ನಲ್ಲಿ ತಯಾರಾಗುವ 60 ಮೈಕ್ರಾನ್ ಎಳೆಯ ಸುಪ್ರಾಫ್ಲೆಕ್ಸ್, ಹೆಸರಾಂತ ವಿದೇಶಿ ಸ್ಟೆಂಟಿಗೆ ಕಡಿಮೆಯಿಲ್ಲ ಎಂದು ಸಾಬೀತಾಯಿತು.

ಮಾದರಿ ಎಲ್ಲಿ ತೊದಲುತ್ತದೆ

ಲೆಕ್ಕದ ಚಿತ್ರ ಬಣ್ಣಬಣ್ಣವಾಗಿ ಎಷ್ಟು ಚೆಂದ ಕಾಣುತ್ತದೆಯೋ ಅಷ್ಟೇ ಹುಷಾರಾಗಿ ಅದನ್ನು ಓದಬೇಕು. ಎಷ್ಟೋ ಮಾದರಿಗಳಲ್ಲಿ ಗೋಡೆ ಅಲುಗಾಡದ ಕೊಳವೆ. ನಿಜವಾದ ನಾಳವೋ, ಹೃದಯದ ಮೈಮೇಲೆ ಅಂಟಿಕೊಂಡು ಪ್ರತಿ ಬಡಿತಕ್ಕೂ ಬಾಗಿ ತಿರುಚಿ ಹಿಗ್ಗುತ್ತದೆ. ಗೋಡೆಯ ಮಿಡಿತವನ್ನೂ ರಕ್ತದ ಹರಿವನ್ನೂ ಒಟ್ಟಿಗೆ ಬಿಡಿಸುವ ಲೆಕ್ಕ ಬಹಳ ಭಾರದ್ದು; ನಮ್ಮ ಮಣಿಪಾಲದಲ್ಲಿ ಕುತ್ತಿಗೆಯ ಕ್ಯಾರೋಟಿಡ್ ನಾಳಗಳ ಮೇಲೆ ಇಂಥ ಕೆಲಸ ನಡೆದಿದೆ. ರಕ್ತದ ಅಂಟುತನವೂ ಒಂದೇ ಸಮವಲ್ಲ, ನಿಂತಲ್ಲಿ ಗಟ್ಟಿ, ಓಡುವಲ್ಲಿ ತೆಳು. ಅದನ್ನು ಕೈಬಿಟ್ಟರೆ ನಾಳದ ನಡುವಿನ ಚಿತ್ರ ಅಷ್ಟೇನೂ ಕೆಡುವುದಿಲ್ಲ. ಎಳೆಯ ಹಿಂದಿನ ಮಡುವಿನ ಚಿತ್ರ ಕೆಡಬಹುದು. ನಮಗೆ ಬೇಕಿರುವುದು ಅದೇ.

ಹಾಗಾಗಿ ಒರೆಗೆ ಹಚ್ಚುತ್ತಾರೆ. ಪಾರದರ್ಶಕ ಸಿಲಿಕೋನಿನಲ್ಲಿ ನಾಳ ಎರಕ ಹೊಯ್ದು, ಒಳಗೆ ನಿಜವಾದ ಸ್ಟೆಂಟ್ ಇಟ್ಟು, ರಕ್ತದ ಅಂಟಿಗೆ ಹೊಂದುವಂತೆ ನೀರಿಗೆ ಗ್ಲಿಸರಿನ್ ಬೆರೆಸಿ ಹರಿಸುತ್ತಾರೆ. ಅದರಲ್ಲಿ ತೇಲುವ ಪುಡಿಕಣಗಳ ಮೇಲೆ ಲೇಸರ್ ಹಾಯಿಸಿ, ಕ್ಷಣಾರ್ಧದ ಅಂತರದಲ್ಲಿ ತೆಗೆದ ಎರಡೆರಡು ಫೋಟೋಗಳಿಂದ ಯಾವ ಕಣ ಎಷ್ಟು ಸರಿಯಿತು ಎಂದು ಅಳೆಯುತ್ತಾರೆ. ಅದು ಲೆಕ್ಕಕ್ಕೆ ತಾಳೆಯಾದರೆ ಮಾತ್ರ ಲೆಕ್ಕಕ್ಕೆ ಬೆಲೆ.

ವೈದ್ಯರ ಕೈಗೆ ಈ ಲೆಕ್ಕ ಇನ್ನೂ ಪೂರ್ತಿ ಬಂದಿಲ್ಲ. ನಾಳದ ಒತ್ತಡ ಎಷ್ಟು ಕುಸಿಯುತ್ತದೆ ಎಂಬುದನ್ನು, ತಂತಿ ಇಳಿಸದೆಯೇ, ಸಿ.ಟಿ. ಚಿತ್ರ ಮತ್ತು ಹರಿವಿನ ಲೆಕ್ಕದಿಂದ ಹೇಳುವ ವಿಧಾನ ಬಳಕೆಯಲ್ಲಿದೆ. ಸ್ಟ್ಯಾನ್‌ಫರ್ಡಿನಲ್ಲಿದ್ದ ಚಾರ್ಲ್ಸ್ ಟೇಲರ್ ಸಹ-ಸಂಸ್ಥಾಪಕರಾಗಿ ಕಟ್ಟಿದ ಹಾರ್ಟ್‌ಫ್ಲೋ ಕಂಪನಿಯ ಇಂಥ ವಿಧಾನಕ್ಕೆ ಅಮೆರಿಕ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಸ್ಟೆಂಟ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ನೆರವಾಗುತ್ತದೆ. ಹಾಕಿದ ಮೇಲಿನ ಎಳೆ ಎಳೆಯ ಕಥೆ ಅದರ ಕೆಲಸವಲ್ಲ. ಕವಲಿನಲ್ಲಿ ಎರಡು ಸ್ಟೆಂಟ್ ಯಾವ ಕ್ರಮದಲ್ಲಿ ಹಾಕಿದರೆ ಮಡು ಕಡಿಮೆ, ಕೊನೆಯಲ್ಲಿ ಎರಡು ಬಲೂನು ಒಟ್ಟಿಗೆ ಉಬ್ಬಿಸಿದರೆ ಏನಾಗುತ್ತದೆ ಎಂಬುದನ್ನು ಮಿಲಾನಿನ ಪಾಲಿಟೆಕ್ನಿಕ್‌ನ ಫ್ರಾಂಚೆಸ್ಕೊ ಮಿಲ್ಯಾವಾಕಾ ಅವರ ಗುಂಪು ವರ್ಷಗಳಿಂದ ಲೆಕ್ಕ ಹಾಕುತ್ತಿದೆ. ಆದರೆ ಮೇಜಿನ ಮೇಲೆ ಮಲಗಿದ ರೋಗಿ, ಎರಡು ದಿನ ಓಡುವ ಲೆಕ್ಕಕ್ಕೆ ಕಾಯಲಾರ. ಆ ಎರಡು ದಿನವನ್ನು ಎರಡು ನಿಮಿಷಕ್ಕೆ ಇಳಿಸುವ ಕೆಲಸಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಕಾಯುತ್ತಿದ್ದೇನೆ. ಕಿಟಕಿಯ ಬಳಿ ನಿಂತ ಮನೆಯವರಿಗೆ ವೈದ್ಯರು ಮೂರನೆಯ ಚಿತ್ರವೊಂದನ್ನೂ ತೋರಿಸುವಂತಾಗಬೇಕು, ಅದರಲ್ಲಿ ನೀಲಿ ಕಂಡರೆ ಬಲೂನನ್ನು ಇನ್ನೊಮ್ಮೆ ಉಬ್ಬಿಸಿ ಎಳೆಯನ್ನು ಗೋಡೆಗೆ ಒತ್ತುವಂತಾಗಬೇಕು.

ಮಾವನ ಎರಡನೆಯ ಸ್ಟೆಂಟ್ ಮೊದಲನೆಯದರ ಒಳಗೇ ಕೂತಿದೆ, ಔಷಧ ಸೂಸುವಂಥದ್ದು. ಇಷ್ಟು ವರ್ಷ ತೊಂದರೆ ಕೊಟ್ಟಿಲ್ಲ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಆ ಬಣ್ಣದ ಚಿತ್ರ ತೋರಿಸಿದೆ. ಏನೆಂದು ನಾನು ಹೇಳುವ ಮೊದಲೇ ಎಳೆಯ ಹಿಂದಿನ ನೀಲಿಯ ಮೇಲೆ ಬೆರಳಿಟ್ಟ. ‘ಇಲ್ಲೇ ಹೂಳು ಕೂರೋದು. ಕಲ್ಲು ತೆಗೆಯೋ ಹಾಗಿಲ್ಲ ಅಂದ್ರೆ ತೇಯ್ದು ತೆಳು ಮಾಡ್ಬೇಕು.’ ಅದನ್ನೇ ಮಾಡಿದ್ದಾರೆ, 140 ಇದ್ದದ್ದು ಈಗ 60ಕ್ಕೆ ಬಂದಿದೆ ಎಂದೆ. ‘ನನ್ನೊಳಗಿರೋದು ಎಷ್ಟು?’ ಎನ್ನುತ್ತ ಎದ್ದು ಹೋಗಿ ಕಪಾಟಿನಿಂದ ಹಳೆಯ ಫೈಲು ತಂದ. ಪ್ಲಾಸ್ಟಿಕ್ ಲಕೋಟೆಯಲ್ಲಿ ಸ್ಟೆಂಟಿನ ಕಾರ್ಡು ಇನ್ನೂ ಇತ್ತು. ಕಂಪನಿಯ ಹೆಸರು, ಬ್ಯಾಚಿನ ಸಂಖ್ಯೆ, ವ್ಯಾಸ 3.0, ಉದ್ದ 18. ಕನ್ನಡಕ ಏರಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದ. ದಪ್ಪ ಎಲ್ಲೂ ಬರೆದಿರಲಿಲ್ಲ.